ಏಲಕ್ಕಿಗೆ ಎಡ, ಅತ್ತೆಗೆ ಬಲ

"ಇಡೀ ಆಫೀಸನ್ನೇ ನಡೆಸೋ ಗಂಡಸಿಗೆ ಜುಜುಬಿ ನಾಲ್ಕು ಏಲಕ್ಕಿ ಗಿಡಕ್ಕೆ ನೀರು ಬಿಡೋದು ಒಂದು ಕೆಲಸವೇನೇ?" ಎಂದು ಎದೆಯುಬ್ಬಿಸಿ ಕೇಳಿದೆ. ಆಗಲೇ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು!

ನನ್ನವಳು ಕಾಲು ಉಳುಕಿಸಿಕೊಂಡು ಹಿತ್ತಲ ಜಗಲಿಯ ಕುರ್ಚಿಯಲ್ಲಿ ಬಂದಿಯಾಗಿದ್ದಳು. ನೋಡಿಕೊಳ್ಳಲು ಅತ್ತೆ ಬಂದಿದ್ದರು. ಆದರೆ ಅವಳಿಗೆ ಕಾಲಿನ ಚಿಂತೆಯಿಲ್ಲ, ಚಿಂತೆಯೆಲ್ಲ ತೆಂಗಿನ ಮರಗಳ ನಡುವೆ ತಾನೇ ನೆಟ್ಟು ಬೆಳೆಸಿದ ಏಲಕ್ಕಿಯದು. ಗಿಡಗಳು ಮೊದಲ ಸಲ ಹೂ ಬಿಟ್ಟಿದ್ದವು. ಮೇಲೆ ಸುಡುಬಿಸಿಲು. ಈಗ ನೀರು ಗೊಬ್ಬರ ತಪ್ಪಿದರೆ ಹೂವೆಲ್ಲ ಉದುರಿ ಅವಳ ವರ್ಷಗಳ ಆರೈಕೆ ಮಣ್ಣುಪಾಲು.

"ಪಕ್ಕದ ಮನೆಯವರನ್ನ ಕರೀತೀನಿ ರೀ. ಅವರಿಗೆ ತೋಟದ ಕೆಲಸ ಗೊತ್ತು."

"ಯಾಕೆ, ನಾನಿಲ್ವೇನೇ?"

"ನೀವಿದ್ದೀರಲ್ಲ ಅನ್ನೋದೇ ಭಯ!"

ಕೊನೆಗೆ ಒಪ್ಪಿದಳು. "ಡ್ರಮ್ಮಲ್ಲಿ ಹಿಂಡಿ ನೀರು ಸೋಸಿಟ್ಟಿದ್ದೀನಿ. ಅದರ ನಲ್ಲಿ ಬಿಟ್ಟು ಪಂಪ್ ಹಾಕಿದ್ರೆ ಬಾವಿ ನೀರಿನ ಜೊತೆ ಅದೂ ಹೋಗುತ್ತೆ. ಮೊದಲು ಪೈಪಿನ ಹಿಡಿಕೆ ತಿರುಗಿಸಿ. ಎಡಕ್ಕೆ ಏಲಕ್ಕಿ, ಬಲಕ್ಕೆ ಮನೆ ಟ್ಯಾಂಕು. ಏನು, ಹೇಳಿ ನೋಡೋಣ?"

"ಎಡಕ್ಕೆ ಏಲಕ್ಕಿ, ಬಲಕ್ಕೆ ಟ್ಯಾಂಕು. ನಾನೇನು ಒಂದನೇ ಕ್ಲಾಸಾ?"

ಕಡಲೆ ಹಿಂಡಿಯನ್ನು ವಾರವಿಡೀ ನೆನೆಸಿ ಕೊಳೆಸಿದ ಆ ದಿವ್ಯ ದ್ರವದ ಮುಚ್ಚಳ ತೆಗೆದದ್ದೇ ತಡ, ನನ್ನ ಮೂಗು ರಾಜೀನಾಮೆ ಕೊಟ್ಟಿತು! ಡ್ರಮ್ಮಿನ ನಲ್ಲಿ ಬಿಟ್ಟವನೇ ಮೂಗು ಮುಚ್ಚಿಕೊಂಡು ಪಂಪಿನ ಆಚೆ ಬದಿಗೆ ಓಡಿದೆ. ಅಲ್ಲಿಂದಲೇ ಕೈ ಚಾಚಿ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದೆ. ನನ್ನ ಎಡಕ್ಕೆ! ನನ್ನವಳು ಯಾವಾಗಲೂ ನಿಲ್ಲುವುದು ಡ್ರಮ್ಮಿನ ಪಕ್ಕ. ಎದುರುಬದುರು ನಿಂತರೆ ನನ್ನ ಎಡ ಅವಳ ಬಲವಾಗುತ್ತದೆ ಎಂಬ ಪರಮಸತ್ಯ ಈ ತಲೆಗೆ ಹೊಳೆಯಬೇಕಲ್ಲ! ಎಡವಟ್ಟು ಎಂಬ ಮಾತು ಹುಟ್ಟಿದ್ದೇ ಹೀಗಿರಬೇಕು.

ಪಂಪು ಗುಡುಗಿತು. ನದಿಯನ್ನೇ ತಿರುಗಿಸಿ ತಂದ ಚಕ್ರವರ್ತಿಯ ಗತ್ತಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತೆ.

"ರೀ, ಗಿಡದ ಬುಡ ಒಣಗೇ ಇದೆಯಲ್ಲ!" ಜಗಲಿಯಿಂದ ಕೂಗು.

"ಸ್ವಲ್ಪ ತಾಳೇ! ಪೈಪು ಉದ್ದ ಇದೆ, ಬರ್ತಾ ಇರುತ್ತೆ."

ಬಂತು. ಬಚ್ಚಲಲ್ಲಿ ಬಂತು!

"ಅಯ್ಯಯ್ಯಪ್ಪಾ! ಅಳಿಯಂದಿರೇ!"

ತಲೆತುಂಬ ಶಾಂಪೂ ನೊರೆ ಹಚ್ಚಿ, ಕಣ್ಣು ಮುಚ್ಚಿ, ಅತ್ತೆ ಶವರ್ ತಿರುಗಿಸಿದ್ದರಂತೆ. ಸೀರೆ ಸುತ್ತಿಕೊಂಡು ಹೊರಬಂದವರ ಕೂದಲಿಂದ ಹಿಂಡಿ ನೀರು ತೊಟ್ಟಿಕ್ಕುತ್ತಿತ್ತು.

"ಗಿಡಕ್ಕೆ ಬಿಡ್ತೀನಿ ಅಂತ ಹೋದವರು ನನಗೇ ಬಿಟ್ರಲ್ಲ! ಈ ವಯಸ್ಸಲ್ಲಿ ನಾನು ಹೂ ಬಿಡಬೇಕಾ?"

ನನ್ನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಖಾಲಿ ಡ್ರಮ್ಮಿನ ಕಡೆ ನೋಡಿದಳು. ನಗು ಅಲ್ಲೇ ನಿಂತಿತು. "ನನ್ನ ಏಲಕ್ಕಿ ಗತಿ ಏನು ರೀ?" ಎನ್ನುವಾಗ ಅವಳ ಕಣ್ಣು ತುಂಬಿತ್ತು. ನಾಚಿಕೆಯಿಂದ ಹಿಡಿಯಷ್ಟಾದೆ. ಏಲಕ್ಕಿಯ ಬುಡಕ್ಕೆ ಹೋಗಬೇಕಾದ ನೀರು ನನ್ನ ಕಾಲ ಬುಡಕ್ಕೇ ಬಂದಿತ್ತು!

ತೀರ್ಪು ಕೊಟ್ಟವರು ಅತ್ತೆ. "ಗೊಬ್ಬರ ಎಲ್ಲೂ ಹೋಗಿಲ್ಲ, ಟ್ಯಾಂಕಲ್ಲೇ ಇದೆ. ಹಿಡೀರಿ ಬಕೆಟ್ಟು!"

ಹಿಡಿದೆ. ಬಚ್ಚಲ ನಲ್ಲಿಯಿಂದ ತುಂಬಿಸುವುದು, ತೆಂಗಿನ ಸಾಲಿಗೆ ಹೊರುವುದು, ಒಂದೊಂದು ಗಿಡದ ಬುಡಕ್ಕೂ ಬಗ್ಗಿ ಮಗ್ಗಿನಲ್ಲಿ ಹುಯ್ಯುವುದು. ಟ್ಯಾಂಕು ಬರಿದಾಗುವಾಗ ಸಂಜೆಯಾಗಿತ್ತು, ಸೊಂಟ ಬಿದ್ದುಹೋಗಿತ್ತು. ಅಷ್ಟರಲ್ಲಿ ಅತ್ತೆ ಪಕ್ಕದ ಮನೆಯಲ್ಲಿ ಸ್ನಾನ ಮುಗಿಸಿ, ನನ್ನ ಕೀರ್ತಿಯನ್ನೂ ಅಲ್ಲಿ ಹರಡಿ ಬಂದಿದ್ದರು.

ಬೆಳಿಗ್ಗೆ ನೋಡಿದರೆ ಹೂ ಒಂದೂ ಉದುರಿರಲಿಲ್ಲ. "ಪರವಾಗಿಲ್ಲ ರೀ ನೀವು!" ಎಂದು ನನ್ನವಳು ಮುಖ ಅರಳಿಸಿದಾಗ ಸೊಂಟದ ನೋವೇ ಮರೆತುಹೋಯಿತು. ಆದರೆ ಅತ್ತೆ ಮರೆಯುವವರಲ್ಲ. ನನ್ನ ಎಡಗಾಲಿನ ಚಪ್ಪಲಿಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ 'ಎಡ' ಎಂದು ಬರೆದಿಟ್ಟಿದ್ದರು.

"ಡ್ರಮ್ಮಿನ ಪಕ್ಕ ನಿಂತ್ಕೊಳ್ಳಿ, ಚಪ್ಪಲಿ ನೋಡ್ಕೊಂಡು ತಿರುಗಿಸಿ. ಇನ್ನು ತಪ್ಪೋ ಹಾಗೇ ಇಲ್ಲ," ಎಂದು ಟವೆಲು ಹಿಡಿದು ಬಚ್ಚಲಿಗೆ ಹೋದರು.

ಟ್ಯಾಂಕು ತೊಳೆದು ಶುದ್ಧ ನೀರು ತುಂಬಿಸಿಯಾಗಿತ್ತು, ಡ್ರಮ್ಮಿಗೂ ಪಕ್ಕದ ಮನೆಯವರು ಕೊಟ್ಟ ಹಿಂಡಿ ನೀರು ಬಿದ್ದಿತ್ತು. ಡ್ರಮ್ಮಿನ ಪಕ್ಕವೇ ನಿಂತೆ. ಚಪ್ಪಲಿ ನೋಡಿದೆ. ಹಿಡಿಕೆಗೆ ಕೈ ಹಾಕಿದೆ.

ಜಗಲಿಯಿಂದ ನನ್ನವಳು ಕಿರುಚಿದಳು: "ಅಮ್ಮಾ, ಶವರ್ ಬಿಡಬೇಡ! ನಿನ್ನ ಅಳಿಯ ಚಪ್ಪಲಿ ಅದಲುಬದಲು ಹಾಕ್ಕೊಂಡಿದ್ದಾರೆ!"