ಸಿದ್ದಮಲ್ಲಪ್ಪನವರ ತೂಕದ ಬೆಲ್ಲ

"ಇನ್ನು ನಾಲ್ಕೇ ತಿಂಗಳು ಕಣೇ ಪಾರ್ವತಿ! ಆಮೇಲೆ ಆಫೀಸಿನೋರೆಲ್ಲ ನನ್ನ ನೋಡಿ, 'ನೀವು ಸಿದ್ದಮಲ್ಲಪ್ಪನೋರ ತಮ್ಮನಾ?' ಅಂತ ಕೇಳಬೇಕು. ಹಾಗೆ ಇಳಿದುಬಿಡ್ತೀನಿ!"

ಒಂಟಿಕೊಪ್ಪಲಿನ ತಮ್ಮ ಮನೆಯ ಜಗಲಿಯ ಮೇಲೆ ನಿಂತು, ಹೊಟ್ಟೆಗೆ ಫಟ್ಟನೆ ಬಾರಿಸಿ, ಹೆಡ್ ಗುಮಾಸ್ತೆ ಸಿದ್ದಮಲ್ಲಪ್ಪನವರು ಹೀಗೆ ಘರ್ಜಿಸಿದರು. ಘರ್ಜನೆಯ ಒಳಗುಟ್ಟು ಹೆಂಡತಿ ಪಾರ್ವತಮ್ಮನಿಗೆ ಗೊತ್ತು. ಹಲ್ಲಿ ಲೊಚಗುಟ್ಟಿದರೆ ಅರ್ಧ ದಿನ ರಜೆ ಹಾಕುವ ಪುಕ್ಕಲು ಜೀವ ಅದು. ಅಂಥವರನ್ನು ಅವತ್ತು ಬೆಳಿಗ್ಗೆ ಕೃಷ್ಣಮೂರ್ತಿಪುರಂನ ಡಾಕ್ಟರ್ ಸುಂದರೇಶ "ಆ ಅನ್ನಿ" ಎಂದು ಬಾಯಿ ತೆರೆಸಿ, ಎದೆ ಬೆನ್ನು ತಟ್ಟಿ, ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ "ಅಬ್ಬಾ!" ಎಂದಿದ್ದರು. ಡಾಕ್ಟರೇ ಅಬ್ಬಾ ಅಂದರೆ ರೋಗಿಯ ಗತಿಯೇನು, ನೀವೇ ಹೇಳಿ!

"ನೋಡಿ ಸಾರ್, ಇಬ್ಬರ ಭಾರಾನ ಒಂದೇ ಎದೆ ಮೇಲೆ ಹೇರಿದೀರಿ. ಉಪವಾಸ ಗಿಪವಾಸ ಬೇಡ. ಎರಡು ಮುದ್ದೆ ಒಂದಾಗಲಿ. ತುಪ್ಪ, ಬೆಲ್ಲ, ಕರಿದ ತಿಂಡಿ ಬಿಡಿ. ಸೊಪ್ಪು ತರಕಾರಿ ಜಾಸ್ತಿ ಮಾಡಿ, ದಿನಾ ಬೆಳಿಗ್ಗೆ ಬಿರುಸಾಗಿ ನಡೀರಿ. ನಿಧಾನವಾಗಿ ಇಳೀಲಿ. ಇಲ್ಲದೇ ಹೋದ್ರೆ..." ಎಂದು ಡಾಕ್ಟರು ಮಾತು ನಿಲ್ಲಿಸಿ ಕಿಟಕಿಯಾಚೆ ನೋಡಿದ್ದರು. ಕಿಟಕಿಯಾಚೆ ಒಂದು ಬಡಪಾಯಿ ಹಸು ನಿಂತಿತ್ತು. ಸಿದ್ದಮಲ್ಲಪ್ಪನವರ ಕಣ್ಣಿಗೆ ಮಾತ್ರ ಅದು ಕೋಣವಾಗಿ ಕಾಣಿಸಿತು, ಮೇಲೆ ಯಾರೋ ಕೂತ ಹಾಗೂ ಇತ್ತು.

ವಿಷಯ ಕೇಳಿದ ಪಾರ್ವತಮ್ಮ ನೆಟ್ಟಗೆ ದೇವರ ಮನೆಗೆ ಹೋಗಿ ಕೈಮುಗಿದರು.

"ಅಪ್ಪಾ ನಂಜುಂಡಪ್ಪಾ, ಇನ್ನು ಭಯವಿಲ್ಲ ಅಂತ ಡಾಕ್ಟರ ಬಾಯಲ್ಲಿ ಬರೋ ಹಾಗೆ ಮಾಡು. ನಂಜನಗೂಡಿಗೆ ಬಂದು, ನಮ್ಮ ಯಜಮಾನ್ರ ತೂಕದಷ್ಟು ಬೆಲ್ಲ ತುಲಾಭಾರ ಮಾಡಿಸ್ತೀನಿ."

ಸಂಜೆಯೊಳಗೆ ಅಂಗಡಿ ರಾಮಯ್ಯನ ಕಡೆಯ ಗಾಡಿಯಲ್ಲಿ ಯಜಮಾನರ ತೂಕದಷ್ಟೂ ಬೆಲ್ಲ ಬಂದಿಳಿಯಿತು. ಅಚ್ಚುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಮೂಟೆ ಕಟ್ಟಿ, ದೇವರ ಮನೆಯ ಮೂಲೆಯಲ್ಲಿ ಮುಡಿಪು ಇಟ್ಟದ್ದಾಯಿತು. ಮುಡಿಪು ಅಂದಮೇಲೆ ಅದು ದೇವರ ಸೊತ್ತು. ಇರುವೆಗಳನ್ನು ಬಿಟ್ಟರೆ ಮನೆಯವರಾರೂ ಅದನ್ನು ಮುಟ್ಟುವ ಹಾಗಿಲ್ಲ.

ಮಾರನೆಯ ಬೆಳಿಗ್ಗೆ ಸಿದ್ದಮಲ್ಲಪ್ಪನವರ ದಂಡಯಾತ್ರೆ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೊರಟಿತು. ಮೊದಲ ದಿನ ಅರ್ಧ ಏರಿಗೇ ಕೂತು, "ನನ್ನನ್ನ ಇಲ್ಲೇ ಮಣ್ಣು ಮಾಡಿಬುಡಿ" ಎಂದು ದಾರಿಹೋಕರಿಗೆ ಹೇಳಿ ಬಂದರು. ಆದರೆ ಭಯಕ್ಕಿಂತ ದೊಡ್ಡ ವ್ಯಾಯಾಮದ ಮೇಷ್ಟ್ರು ಎಲ್ಲಿದ್ದಾರೆ! ಕಾಲು ಸೋತಾಗಲೆಲ್ಲ ಹಿಂದಿನಿಂದ ಕೋಣ ಬಂದ ಹಾಗಾಗಿ ಹೆಜ್ಜೆ ತಾನೇ ಬಿರುಸಾಗುತ್ತಿತ್ತು. ಊಟಕ್ಕೆ ಕೂತಾಗ ಎರಡನೆಯ ಮುದ್ದೆಯ ಕಡೆ ಕೈ ಹೋದರೆ ಮುದ್ದೆಗೇ ಕೊಂಬು ಮೂಡುತ್ತಿತ್ತು. ಮಜ್ಜಿಗೆ, ಬಸ್ಸಾರು, ಹುರುಳಿಕಾಯಿ ಪಲ್ಯ, ಇಷ್ಟರಲ್ಲೇ ನಾಲ್ಕು ತಿಂಗಳು ಕಳೆದು, ವರ್ಷಗಳಿಂದ ಮುಖ ತಿರುಗಿಸಿಕೊಂಡಿದ್ದ ಕೋಟಿನ ಗುಂಡಿಯೂ ಕಾಜವೂ ಒಂದಾದವು.

ಎಲ್ಲ ಸುಸೂತ್ರ ಅನ್ನುವಾಗ ಪಕ್ಕದ ಮನೆ ಬೆಟ್ಟಮ್ಮ ಬಂದರು. ಯಾವ ದೇವರಿಗೆ ಯಾತಕ್ಕೆ ಕೋಪ ಬರುತ್ತದೆ ಅನ್ನುವುದು ಆ ಮುದುಕಿಗೆ ಬಾಯಿಪಾಠ.

"ಅಲ್ಲ ಕಣ್ ಪಾರ್ವತಿ, ನಿನ್ ಗಂಡ ಇಂಗೆ ಇಳ್ದುಬುಟ್ರೆ ದೇವ್ರ ಬೆಲ್ಲದ ಗತಿ ಎಂಗವ್ವ? ಅರಕೆ ಒತ್ಕೊಂಡ ದಿನ ಎಷ್ಟು ತೂಕ ಇದ್ನೋ ಅಷ್ಟೂ ದೇವ್ರದ್ದು. ನಮ್ಮೂರಲ್ಲೊಬ್ಬ ದೊಡ್ಡ ಕಾಯಿ ಒಡೀತೀನಿ ಅಂತ ಅರಕೆ ಒತ್ತು ಸಣ್ಣ ಕಾಯಿ ಒಡ್ದ. ಮನೆ ಸೇರೋ ಅಷ್ಟೊತ್ಗೆ ಬಾಯಿ ಸೊಟ್ಟಗಾಗಿ ಕಿವಿ ತಾವ್ಕೆ ಬಂದಿತ್ತು!"

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಸಿದ್ದಮಲ್ಲಪ್ಪನವರು ಮೆಲ್ಲಗೆ ಬಾಯಿ ಮುಟ್ಟಿ ನೋಡಿಕೊಂಡರು. ಸದ್ಯ, ಇದ್ದಲ್ಲೇ ಇತ್ತು.

ಅದೇ ವಾರ ಡಾಕ್ಟರು ತೂಗಿ ನೋಡಿ ಬೆನ್ನು ಚಪ್ಪರಿಸಿದರು. "ಭೇಷ್! ಮೂವತ್ತು ಪೌಂಡು ಇಳಿದಿದೆ. ಇನ್ನು ಭಯವಿಲ್ಲ. ಹೀಗೇ ಮುಂದುವರಿಸಿ. ಮತ್ತೆ ಏರಿಸಿಕೊಂಡ್ರೋ, ನಾನು ಜವಾಬ್ದಾರನಲ್ಲ!"

ಓಡೋಡಿ ಬಂದು ಹೇಳಿದರೆ ಪಾರ್ವತಮ್ಮ ಸೌಟು ಕೈಬಿಟ್ಟರು. "ಮೂವತ್ತು ಪೌಂಡೇ! ಅಯ್ಯೋ, ದೇವ್ರ ಬೆಲ್ಲ!"

"ಅದು ಬೆಲ್ಲ ಅಲ್ಲ ಕಣೇ, ನನ್ನ ಕೊಬ್ಬು!"

"ನಿಮಗೆ ಕೊಬ್ಬು, ಅವನಿಗೆ ಬೆಲ್ಲ. ಬರೋ ಸೋಮವಾರದೊಳಗೆ ತುಂಬ್ಕೊಳ್ಳಿ."

"ತುಂಬ್ಕೊಂಡ್ರೆ ಎದೆ ನಿಲ್ಲುತ್ತೆ!"

"ತುಂಬ್ಕೊಳ್ಳದಿದ್ರೆ ಬಾಯಿ ಸೊಟ್ಟಗಾಗುತ್ತೆ!"

"ಮುಡಿಪಿನ ಬೆಲ್ಲ ಅಷ್ಟೂ ಹಾಗೇ ಕೊಟ್ಟುಬಿಡೋಣ ಕಣೇ!"

"ತುಲಾಭಾರ ಅಂದ್ಮೇಲೆ ತಕ್ಕಡಿ ಸರಿತೂಗಬೇಕು ಕಣ್ರೀ. ಸುಮ್ನೆ ಸುರಿದು ಬರೋಕೆ ಅದೇನು ರಾಮಯ್ಯನ ಅಂಗಡೀನಾ?"

ತಿಂದರೆ ಯಮ, ತಿನ್ನದಿದ್ದರೆ ನಂಜುಂಡ! ಗಂಡ ಹೆಂಡತಿ ಎದುರುಬದುರು ಕೂತು ಹೆದರಿದರು. ಕೊನೆಗೆ ಪಾರ್ವತಮ್ಮನ ತಲೆಗೆ ಹೊಳೆಯಿತು. ಹಳೇ ಸೀರೆಯನ್ನು ಮಡಿಸಿ ಉದ್ದನೆಯ ಚೀಲ ಹೊಲಿದು, ರಾಮಯ್ಯನ ಅಂಗಡಿಯಿಂದ ತೂಕದ ಕಲ್ಲುಗಳನ್ನು ಕೇಳಿ ತಂದು ಒಳಗೆ ತುಂಬಿ, ಯಜಮಾನರ ಸೊಂಟಕ್ಕೆ ಬಿಗಿದು, ಮೇಲೆ ಪಂಚೆ ಉಡಿಸಿದರು. ಇಳಿದ ತೂಕವೆಲ್ಲ ಕಬ್ಬಿಣವಾಗಿ ವಾಪಸು ಬಂತು!

ಸೋಮವಾರ ಬೆಲ್ಲದ ಮೂಟೆಗಳ ಸಮೇತ ರೈಲು ಹತ್ತಿದರು. ದೇವರ ಕಡೆ ಸಾಕ್ಷಿಯ ಹಾಗೆ ಬೆಟ್ಟಮ್ಮನೂ ಜೊತೆಗೆ ಹೊರಟರು. ನಂಜನಗೂಡಿಗೆ ಬಂದ ಕೂಡಲೇ ಆಕೆ ಶುರುಮಾಡಿದರು:

"ಮೊದ್ಲು ಒಳೇಲಿ ಮುಳುಗಿ ಬಾಪ್ಪ. ಮೈಲಿಗೇಲಿ ತಕ್ಕಡಿ ಅತ್ತಬಾರ್ದು."

ಸಿದ್ದಮಲ್ಲಪ್ಪನವರ ಜೀವ ಬಾಯಿಗೆ ಬಂತು. ಸೊಂಟದ ಚೀಲ ಬಿಚ್ಚೋಣವೆಂದರೆ ಬೆಟ್ಟಮ್ಮನ ಕಣ್ಣು ಅತ್ತಿತ್ತ ಸರಿಯುತ್ತಿಲ್ಲ. "ನಂಜುಂಡಾ, ನಿನ್ನ ತೂಕ ನಿನಗೆ ಮುಟ್ಟಿಸೋಕೇ ಬಂದಿದೀನಪ್ಪಾ" ಎಂದು ಕಪಿಲೆಗೆ ಇಳಿದು ಒಂದು ಮುಳುಗು ಹಾಕಿದರು. ಹಾಕಿದ್ದೇ ಹಾಕಿದ್ದು, ಏಳಲೇ ಇಲ್ಲ! ನೆನೆದ ಚೀಲ ಮೊಣಕಾಲಿಗೆ ಜಾರಿ ಕಾಲುಗಳನ್ನು ಕಟ್ಟಿಹಾಕಿತ್ತು. ಮೇಲೆ ಗುಳುಗುಳು ಗುಳ್ಳೆ ಮಾತ್ರ.

"ರೀ! ಅಯ್ಯಯ್ಯೋ, ರೀ!" ಪಾರ್ವತಮ್ಮ ಸೀರೆಯಲ್ಲೇ ನೀರಿಗೆ ಧುಮುಕಿ, ಕೈಗೆ ಸಿಕ್ಕ ಕಿವಿ ಹಿಡಿದು ಮೇಲಕ್ಕೆಳೆದರು.

"ಎಷ್ಟೊತ್ತು ಮುಳುಗಿದ್ನವ್ವ! ಭಕ್ತಿ ಅಂದ್ರೆ ಇಂಗಿರ್ಬೇಕು" ಎಂದು ಬೆಟ್ಟಮ್ಮ ಕೈಮುಗಿದರು.

ಚೀಲವನ್ನು ಒದ್ದೆ ಪಂಚೆಯೊಳಗೆ ಹೇಗೋ ಮತ್ತೆ ಬಿಗಿದುಕೊಂಡು, ಗಡಗಡ ನಡುಗುತ್ತ ಸಿದ್ದಮಲ್ಲಪ್ಪನವರು ತಕ್ಕಡಿ ಹತ್ತಿದರು. ಅರ್ಚಕರು ಎದುರಿನ ತಟ್ಟೆಗೆ ಬೆಲ್ಲ ಪೇರಿಸುತ್ತ ಹೋದರು. ಮೂಟೆ ಮುಗಿಯುತ್ತ ಬಂತು. ಸಿದ್ದಮಲ್ಲಪ್ಪನವರ ತಟ್ಟೆ ಮೆಲ್ಲಗೆ ಎದ್ದಿತು. ಇನ್ನೇನು ಕೊನೆಯ ಅಚ್ಚು! ಆಗ ನೆನೆದು ಸಡಿಲಾಗಿದ್ದ ಹೊಲಿಗೆ ಪರ್ ಎಂದಿತು. ಠಣ್! ಒಂದು ಕಲ್ಲು ನೆಲಕ್ಕೆ. ಠಣ್, ಠಣ್! ಕಬ್ಬಿಣದ ಕಲ್ಲುಗಳು ಒಂದರ ಹಿಂದೊಂದು ಪಂಚೆಯೊಳಗಿಂದ ಉದುರಿ, ಉರುಳಿ, ದೇವರ ಕಡೆಗೇ ಹೋದವು. ಸಿದ್ದಮಲ್ಲಪ್ಪನವರ ತಟ್ಟೆ ಜುಮ್ಮನೆ ಮೇಲೇರಿತು. ಅವರು ಅಲ್ಲೇ ತೂಗಾಡುತ್ತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಸೊಟ್ಟಗಾದರೆ ಯಾರಿಗೂ ಕಾಣದಿರಲಿ ಎಂದು!

"ಏನ್ ಸ್ವಾಮಿ ಇದು?" ಅರ್ಚಕರು ಕೇಳಿದರು. ಪಾರ್ವತಮ್ಮ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟರು. ಅರ್ಚಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೇವರಿಗೆ ಕಡಿಮೆ ಕೊಡೋಕೆ ಮೋಸ ಮಾಡೋರನ್ನ ಕೇಳಿದ್ದೆ ತಾಯಿ. ಜಾಸ್ತಿ ಕೊಡೋಕೆ ಮೋಸ ಮಾಡೋರನ್ನ ಇವತ್ತೇ ನೋಡಿದ್ದು! ತಕ್ಕಡೀಲಿ ತೂಗೋದು ಇವತ್ತಿನ ಮನುಷ್ಯನ್ನ. ಭಾರ ಇಳಿಸಿ ಆರೋಗ್ಯ ಕೊಟ್ಟೋನೇ ಅವನು, ಅದನ್ನ ವಾಪಸ್ ಕೇಳ್ತಾನೆಯೆ?"

ಎದುರಿನ ತಟ್ಟೆಯಿಂದ ಅಚ್ಚುಗಳನ್ನು ತೆಗೆಯುತ್ತ ಬಂದಂತೆ ತಕ್ಕಡಿ ಸರಿತೂಗಿತು. ಮಂಗಳಾರತಿಯೂ ಆಯಿತು. ಬಾಯಿ ಸೊಟ್ಟಗಾಗಲಿಲ್ಲ! ಸಿದ್ದಮಲ್ಲಪ್ಪನವರಿಗೆ ಸಂತೋಷದಲ್ಲಿ ಅಳುವೇ ಬಂತು. ಉದ್ದಕ್ಕೆ ಅಡ್ಡಬಿದ್ದು ಎದ್ದಾಗ ಅರ್ಚಕರು ಉಳಿದ ಬೆಲ್ಲಕ್ಕೆ ವಿಭೂತಿ, ಬಿಲ್ವಪತ್ರೆ ಇಟ್ಟು ಮುಂದೆ ಸರಿಸಿದರು.

"ತೂಗಿದ್ದು ಸ್ವಾಮಿಯದು. ಇದು ಅವನ ಹೆಸರಲ್ಲಿ ಬಂದು ಉಳಿದದ್ದು, ನಿಮ್ಮ ಮನೆಗೆ ಪ್ರಸಾದ."

ಸಿದ್ದಮಲ್ಲಪ್ಪನವರು ಮೂಟೆ ಎತ್ತಿ ನೋಡಿದರು. ನಾಲ್ಕು ತಿಂಗಳು ಕೆರೆ ಸುತ್ತಿ ಕರಗಿಸಿದ್ದು ಒಂದು ಚೂರೂ ಕಡಿಮೆಯಾಗದೆ ಬೆಲ್ಲದ ರೂಪದಲ್ಲಿ ಕೈಗೆ ಬಂದಿತ್ತು! ಗಾಬರಿಯಾಗಿ ಹೊರಗೆ ಓಡಿ, ಕಂಡ ಮೊದಲ ಜಟಕಾದವನ ಕೈಗೆ ಒಂದು ಅಚ್ಚು ಇಡುವಷ್ಟರಲ್ಲಿ ಹಿಂದಿನಿಂದ ಬೆಟ್ಟಮ್ಮನ ಕೂಗು ಬಂತು.

"ಕೊಡ್ಬ್ಯಾಡ ಕಣಪ್ಪೋ! ಆಯಸ್ಸಿನ ಅರಕೆ ಪ್ರಸಾದ ಯಾರು ತಿಂತಾರೋ ಆಯಸ್ಸು ಅವರ್ಗೇ ಓಯ್ತದೆ!"

ಸಿದ್ದಮಲ್ಲಪ್ಪನವರು ಜಟಕಾದವನ ಕೈಯಿಂದ ಬೆಲ್ಲ ಕಿತ್ತುಕೊಂಡರು. ಮೂಟೆ ಸಮೇತ ಬಂದು ನದಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪಾರ್ವತಮ್ಮ ಪಕ್ಕಕ್ಕೆ ಬಂದು ಕೂತು ದೊಡ್ಡದೊಂದು ತುಂಡು ಮುರಿದರು. ಇನ್ನೂ ಒದ್ದೆಯಾಗಿದ್ದ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನೀರಲ್ಲಿ ನೀವು ಮೇಲೆ ಬರಲಿಲ್ಲವಲ್ಲ, ನನ್ನ ಜೀವವೇ ಹೋಗಿತ್ತು ಕಣ್ರೀ. ನೀವು ನೂರು ವರ್ಷ ಇರ್ಬೇಕು. ಒಂದು ಚೂರೂ ಬಿಡದೆ ತಿನ್ನಬೇಕು. ಬೇಕಾದ್ರೆ ಕೆರೆ ಇನ್ನೊಂದು ಸುತ್ತು ಜಾಸ್ತಿ ಹೊಡೀರಿ. ನಾನೂ ಬರ್ತೀನಿ."

ಸಿದ್ದಮಲ್ಲಪ್ಪನವರು ಹಿಂದೆ ತಿರುಗಿದರೆ ನಂಜುಂಡಪ್ಪನ ಗೋಪುರ. ಮುಂದೆ ನೋಡಿದರೆ ಹೊಳೆಯ ದಂಡೆಯಲ್ಲಿ ಕೊಂಬು ತಿರುವಿಕೊಂಡು, ಮೆಲುಕು ಹಾಕುತ್ತ, ಅವರನ್ನೇ ನೋಡುತ್ತ ನಿಂತಿದೆ. ಈ ಸಲ ಹಸುವಲ್ಲ. ನಿಜವಾದ ಕೋಣ!

"ಹೂಂ, ಆ ಅನ್ನಿ" ಎಂದರು ಪಾರ್ವತಮ್ಮ.

ಸಿದ್ದಮಲ್ಲಪ್ಪನವರು ಕಣ್ಣು ಮುಚ್ಚಿಕೊಂಡು "ಆ" ಅಂದರು.