ಚಿಕ್ಕಪ್ಪನ ಆಷಾಢದ ಟೂರು

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎಂದು ಹೊಂಗನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ! ನಾನು ಮಾತ್ರ ಒಪ್ಪುವುದಿಲ್ಲ. ಕೆಡಬೇಕಾದರೆ ಮೊದಲು ನೆಟ್ಟಗಿರಬೇಕು. ಅವನ ತಲೆ ಹುಟ್ಟಿದಾಗಿನಿಂದಲೂ ಹೀಗೇ ಇದೆ ಎಂದು ನಮ್ಮಜ್ಜಿಯೇ ಸಾಕ್ಷಿ ಹೇಳುತ್ತಾಳೆ. ಹೆತ್ತವಳ ಮಾತಿಗಿಂತ ದೊಡ್ಡ ಪುರಾವೆ ಬೇಕೆ?

ಈಚೆಗೆ ಊರು ಮತ್ತೆ ಈ ಮಾತನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಐವತ್ತೊಂಬತ್ತು ವರ್ಷದ ಈ ಮನುಷ್ಯ ಐವತ್ನಾಲ್ಕು ವರ್ಷದ ನಮ್ಮ ಚಿಕ್ಕಮ್ಮನನ್ನು ಬಿಡದಿ ಕಡೆಯ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಹೊರಟ. ಇಬ್ಬರೇ! ಅದೂ ಆಷಾಢದಲ್ಲಿ, ಅದೂ ಮಳೆಯಲ್ಲಿ, ಅದೂ ಒಂದು ರಾತ್ರಿಗೆ ರೂಮು ಮಾಡಿಕೊಂಡು! ಊರಿಗೂ ಪಾರ್ಕಿಗೂ ಇರುವುದು ಹೆಚ್ಚೆಂದರೆ ಒಂದೂವರೆ ಗಂಟೆಯ ಬಸ್ಸಿನ ದಾರಿ.

ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಗೆಳೆಯನೊಬ್ಬ ಹತ್ತು ಜನಕ್ಕೆ ಕೇಳಿಸುವ ಹಾಗೆ ಕೆಣಕಿದನಂತೆ: "ಏನ್ಲಾ, ಈ ವಯಸ್ಸಲ್ಲಿ ಹನಿಮೂನಾ?"

"ಹೂಂ ಕಣ್ಲಾ, ಹನಿಮೂನೇ. ಆಗ ಹೋಗಾಕಾಗ್ಲಿಲ್ಲ, ಈಗ ಹೊಂಟಿವ್ನಿ. ನಿಂಗೇನು ಹೊಟ್ಟೆಉರಿ?"

"ಅಲ್ಲ ಕಣ್ಲಾ, ಸಂಜೆ ಬಸ್ಸಿಗೆ ವಾಪಸ್ ಬರೋ ಜಾಗಕ್ಕೆ ರೂಮ್ಯಾಕೆ?"

"ಸಂಜೆ ಬಂದ್ಬುಟ್ರೆ ಅದು ಸಂತೆ. ರಾತ್ರಿ ಉಳ್ಕಂಡ್ರೆ ಟೂರು!"

ಇಷ್ಟಕ್ಕೂ ಅವನಿಗೆ ಬೇಕಾದದ್ದು ಬಹಳ ಸಣ್ಣದು. ಆ ಪಾರ್ಕಿನಲ್ಲಿ ಹಡಗಿನಾಕಾರದ ದೊಡ್ಡ ಉಯ್ಯಾಲೆಯೊಂದಿದೆ. ಜನರನ್ನು ಕೂರಿಸಿಕೊಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಆಕಾಶಕ್ಕೇ ಎತ್ತಿ ತೂಗುತ್ತದೆ. ಚಿಕ್ಕಮ್ಮ ಒಂದೇ ಒಂದು ಸಲ ಅದನ್ನು ಹತ್ತಬೇಕು.

"ಅವಳು ಹತ್ಬೇಕು. ಇಳಿ ಅನ್ನೋರು ಯಾರೂ ಇರಬಾರ್ದು. ಅಷ್ಟೇಯ" ಎಂದ ನನ್ನ ಹತ್ತಿರ.

ಆ 'ಇಳಿ ಅನ್ನೋರು' ಯಾರೆಂದು ನನಗೆ ಚೆನ್ನಾಗಿ ಗೊತ್ತು. ನಾನೇ! ಅವರಿಬ್ಬರಿಗೆ ಮಕ್ಕಳಿಲ್ಲ. ಅಣ್ಣತಮ್ಮಂದಿರ ಮಕ್ಕಳು ನಾವು ಏಳು ಜನ. ಪ್ರತಿ ಬೇಸಿಗೆ ರಜದಲ್ಲಿ ನಮ್ಮನ್ನೆಲ್ಲ ಆ ಪಾರ್ಕಿಗೆ ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದವರು ಇವರೇ. ಹೆತ್ತವರು ಊರಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದರು. ನಾವು ಆಟದಿಂದ ಆಟಕ್ಕೆ ಓಡುತ್ತಿದ್ದರೆ, ಇವರು ಕೆಳಗೆ ಏಳು ಜೊತೆ ಚಪ್ಪಲಿ, ಏಳು ಟವೆಲು, ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ಒಂದು ವರ್ಷ ಚಿಕ್ಕಮ್ಮ ಧೈರ್ಯ ಮಾಡಿ ಹಡಗು ಹತ್ತಿ ತುದಿಯ ಸೀಟಿನಲ್ಲಿ ಕೂತಳು. ತೊಡೆ ಮೇಲೆ ಕಂಬಿಯನ್ನೂ ಇಳಿಸಿ ಆಗಿತ್ತು. ಕೆಳಗೆ ಚಿಕ್ಕಪ್ಪನ ಕೈ ಹಿಡಿದಿದ್ದ ಎಂಟು ವರ್ಷದ ನಾನು, ಚಿಕ್ಕಮ್ಮ ಇನ್ನು ವಾಪಸ್ ಬರುವುದಿಲ್ಲವೆಂದು ಯಾಕನ್ನಿಸಿತೋ ಏನೋ, ಪಾರ್ಕು ಹಾರಿಹೋಗುವ ಹಾಗೆ ಅರಚಿಕೊಂಡೆ. ಅವಳು ಕಂಬಿ ಎತ್ತಿಸಿ ಇಳಿದು ಬಂದಳು. ಹಡಗು ಅವಳನ್ನು ಬಿಟ್ಟು ಹೋಯಿತು.

"ಬುಡು, ಅದೇನು ಓಡೋಯ್ತದಾ?" ಎಂದು ನನ್ನ ಮೂಗು ಒರೆಸಿದಳು. ಮುಂದಿನ ವರ್ಷ ಅದೇ ಹಡಗನ್ನು ನಾನು ಮೂರು ಸಲ ಹತ್ತಿದೆ. ನನ್ನ ಚಪ್ಪಲಿ ಅವಳ ಕೈಯಲ್ಲಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆದ್ದರಿಂದ ಊರು ಏನೇ ಆಡಿಕೊಳ್ಳಲಿ, ಈ ವಿಷಯದಲ್ಲಿ ನಾನು ಚಿಕ್ಕಪ್ಪನ ಪಾರ್ಟಿ.

ಚಿಕ್ಕಪ್ಪ ಸುಮ್ಮನೆ ದಿನ ಗೊತ್ತು ಮಾಡುವ ಆಸಾಮಿಯಲ್ಲ. ರೇಷ್ಮೆ ಸಾಕುವವನು. ಹುಳುವಿಗೆ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಸಾಕುವವರು ಸತ್ತ ಮನೆಗೂ ನಿಂತ ಕಾಲಲ್ಲೇ ಹೋಗಿ ಬರುತ್ತಾರೆ. ಗೂಡು ಮಾರಿ, ಹುಳುಮನೆ ತೊಳೆದು, ಮುಂದಿನ ಮರಿಹುಳು ಬರುವ ತನಕ ಸಿಗುವ ಕೆಲವೇ ದಿನ ಬಿಡುವು. ಆ ಬಿಡುವು ಮಳೆಗಾಲಕ್ಕೆ ಬೀಳಬೇಕು, ಸ್ಕೂಲು ತೆರೆದಿರಬೇಕು, ಪಾರ್ಕು ಭಣಗುಟ್ಟುತ್ತಿರಬೇಕು. ಇದನ್ನೆಲ್ಲ ಕೂಡಿಸಲು ಅವನು ಹಿಂದಿನ ಬಿಡುವುಗಳಲ್ಲಿ ಮೂರು ಸಲ ಆ ಪಾರ್ಕಿನ ಗೇಟಿನೆದುರಿನ ಟೀ ಅಂಗಡಿಯಲ್ಲಿ ಇಡೀ ದಿನ ಕೂತು ಒಳಗೆ ಹೋಗುವ ಬಸ್ಸು ಎಣಿಸಿದ. ಟೀ ಅಂಗಡಿಯವನು ಇವನನ್ನು ಜಮೀನು ಬ್ರೋಕರ್ ಎಂದುಕೊಂಡು, ತನ್ನ ಮಾವನ ಅರ್ಧ ಎಕರೆಯನ್ನು ತೋರಿಸಲು ಎಳೆದುಕೊಂಡು ಹೋದನಂತೆ! ಇವನು ಸಂಕೋಚಕ್ಕೆ ಜಮೀನು ನೋಡಿ, ನೀರು ಚೆನ್ನಾಗಿದೆ ಎಂದು ಹೊಗಳಿ, ಅಲ್ಲೇ ಊಟ ಮಾಡಿ ಬಂದ.

"ಬುಧವಾರ" ಎಂದ, ಅಂಗಡಿಗೆ ಬಂದವನೇ.

ಅಂಗಡಿ ನನ್ನದು. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್. ಅವನು ಬುಧವಾರದ ಕಾರ್ಯಕ್ರಮವನ್ನು ಕೈಯಲ್ಲಿ ಬರೆದು ತಂದು ಟೈಪು ಮಾಡಿಸಿ, ಮಳೆಯಲ್ಲಿ ನೆನೆಯದಿರಲೆಂದು ಲ್ಯಾಮಿನೇಟ್ ಮಾಡಿಸಿದ. ಹತ್ತೂವರೆಗೆ ಗೇಟು, ಹನ್ನೊಂದಕ್ಕೆ ಹಡಗು, ಹನ್ನೊಂದೂಕಾಲಿಗೆ 'ಹೆದರಿಕೆ ಇಳಿಯಲು ಬಿಡುವು', ಹನ್ನೊಂದೂವರೆಗೆ 'ಇಷ್ಟವಾದರೆ ಮತ್ತೆ ಹಡಗು'. ಕೆಳಗೆ ಅವನ ಸಹಿ. ಯಾಕೆ ಸಹಿ ಅಂತ ಕೇಳಿದೆ. "ಆಮೇಲೆ ಯಾರಾದ್ರೂ ತಿದ್ದಿದ್ರೆ?" ಎಂದ.

ಆಷಾಢದ ಪ್ರಶ್ನೆ ಎತ್ತಿದವಳು ಅಜ್ಜಿ.

"ಅಯ್ಯೋ ನಿನ್ ಮನೆ ಕಾಯ್ವೋಗ! ಆಷಾಢದಲ್ಲಿ ಗಂಡಹೆಂಡ್ರು ಜೋಡಿಯಾಗಿ ಹೊಂಟೀರಾ? ನೋಡಿದೋರು ಏನಂದಾರು?"

"ಅದು ಹೊಸ ಜೋಡಿಗೆ ಕಣವ್ವ. ನಾವು ಹಳೆ ಸರಕು."

"ಶಾಸ್ತ್ರ ಅಂದ್ರೆ ಶಾಸ್ತ್ರ!"

ಚಿಕ್ಕಪ್ಪ ಕೂತಲ್ಲಿಂದ ಎದ್ದ. "ಓಹೋ! ನಮ್ಮ ಮದ್ವೆ ಆದ ವರ್ಷ ಆಷಾಢಕ್ಕೆ ಇವಳ್ನ ತವರಿಗೆ ಕಳಿಸ್ದೆ. ಹತ್ತು ದಿನಕ್ಕೇ, ಹುಳ ಮೈ ತುಂಬ್ಕಂಡವೆ, ಸೊಪ್ಪು ಹಾಕಕ್ಕೆ ಕೈ ಸಾಲಲ್ಲ ಅಂತ ವಾಪಸ್ ಕರೆಸ್ಕಂಡೋರ್ಯಾರು? ಹುಳಕ್ಕಿಲ್ದಿರೋ ಆಷಾಢ ಹಡಗಿಗ್ಯಾಕವ್ವಾ?"

ಅಜ್ಜಿ ಎಲೆಅಡಿಕೆ ಚೀಲದೊಳಗೆ ಏನೋ ಹುಡುಕತೊಡಗಿದಳು. ಸಂಜೆಯವರೆಗೂ ಅದು ಸಿಗಲಿಲ್ಲ.

ಆಮೇಲೆ ತಾಲೀಮು! ಹಡಗು ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆಂದು ಯಾರೋ ಹೇಳಿದ್ದರು. ಹೆಂಡತಿಗೆ ಅಭ್ಯಾಸವಾಗಲೆಂದು ಚಿಕ್ಕಪ್ಪ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಕೆರೆ ಏರಿಯ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಟ್ಟ. ಕೆಳಗೆ ಬಂದು ತಲುಪಿದ ಮೇಲೆ ಬಲು ಆಸೆಯಿಂದ ಕೇಳಿದ: "ಏನಾರ ಆಯ್ತಾ?"

"ಪೆಟ್ರೋಲ್ ಮುಗೀತೇನೋ ಅಂದ್ಕಂಡೆ" ಎಂದಳು ಚಿಕ್ಕಮ್ಮ. ಅವಳು ಮಾತಾಡುವುದೇ ಕಡಿಮೆ. ಆಡಿದರೆ ಇಷ್ಟು.

ನಿಜವಾದ ಗಂಡಾಂತರ ಬಂದದ್ದು ನನ್ನ ಸ್ವಂತ ಅಣ್ಣನಿಂದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಫೋನು ಮಾಡಿದ. "ಚಿಕ್ಕಪ್ಪ, ಹೆಂಗೂ ಹೋಯ್ತಾ ಇದ್ದೀರಲ್ಲ, ನಮ್ಮ ಎರಡು ಮಕ್ಕಳನ್ನೂ ಕರ್ಕೊಂಡೋಗ್ಬುಡಿ. ಒಂದು ದಿನ ಸ್ಕೂಲಿಗೆ ರಜ ಹಾಕಿಸ್ತೀನಿ." ನೋಡಿದಿರಾ ಜಾಣತನ? ಅಪ್ಪನ ಕಾಲದ ಚಾಳಿ ಮಗನ ಕಾಲಕ್ಕೂ ಇಳಿದು ಬಂದಿದೆ! ಮನೆಮಂದಿಯ ಕೆಲಸಕ್ಕೆ ಹುಟ್ಟಿದಾಗಿನಿಂದ ಒಲ್ಲೆ ಎಂದವನಲ್ಲ ಚಿಕ್ಕಪ್ಪ. ಅವನು ನನ್ನ ಅಂಗಡಿಯಲ್ಲೇ ನಿಂತು ಮಾತಾಡುತ್ತಿದ್ದ. ಒಂದು ಕ್ಷಣ, ಜೊತೆಗೆ ಬಂದಿದ್ದ ಚಿಕ್ಕಮ್ಮನ ಮುಖ ನೋಡಿದ. ಅವಳು ಆಗಲೇ "ಪಾಪ, ಬರ್ಲಿ ಬುಡಿ" ಅನ್ನಲು ಬಾಯಿ ತೆಗೆದಿದ್ದಳು.

"ಆಗಲ್ಲ ಕಣಪ್ಪ" ಎಂದ ಚಿಕ್ಕಪ್ಪ. "ನಿನ್ ಮಕ್ಕಳ್ನ ನೀನು ಕರ್ಕೊಂಡೋಗು. ನಾನು ನನ್ ಹೆಂಡ್ತಿ ಕರ್ಕೊಂಡೋಯ್ತೀನಿ." ಫೋನು ಇಟ್ಟವನೇ ಸ್ಟೂಲು ಎಳೆದುಕೊಂಡು ಕೂತುಬಿಟ್ಟ. ನಾನು ಟೀ ತರಿಸಿದೆ.

ಅವತ್ತೇ ಟಿಕೆಟ್ಟು ಬುಕ್ ಮಾಡಿದ್ದು. ಕಂಪ್ಯೂಟರು ಕೇಳಿತು, ದೊಡ್ಡವರು ಎಷ್ಟು? ಎರಡು ಎಂದು ಒತ್ತಿದೆ. ಮಕ್ಕಳು ಎಷ್ಟು? ನನ್ನ ಬೆರಳು ಅಲ್ಲೇ ನಿಂತುಕೊಂಡಿತು. ಈ ಪ್ರಶ್ನೆಯನ್ನು ಮದುವೆಮನೆಗಳಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ಅವರಿಗೆ ಎಷ್ಟು ಸಲ ಕೇಳಿದ್ದಾರೋ! ಈಗ ಕಂಪ್ಯೂಟರೂ ಕೇಳಬೇಕೆ?

"ಸೊನ್ನೆ ಹಾಕವ್ವ" ಎಂದ ಚಿಕ್ಕಪ್ಪ, ಕ್ಯೂನಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ. "ನಾಚ್ಕೊಳೋದೇನೈತೆ? ಸೊನ್ನೆ!"

ಚಿಕ್ಕಮ್ಮ ರಸ್ತೆ ಕಡೆ ನೋಡುತ್ತಿದ್ದಳು. ನಾನು ಸೊನ್ನೆ ಒತ್ತಿದೆ.

ಬುಧವಾರ ಬೆಳಿಗ್ಗೆ ಜಿನುಗು ಮಳೆ. ಇಬ್ಬರೂ ಒಂದೇ ಬಣ್ಣದ ರೇನ್‌ಕೋಟು ತೊಟ್ಟು, ಡೇರಿ ಮುಂದೆಯೇ ಬೇಕೆಂದು ಹಾದು ಬಸ್ಸು ಹತ್ತಿದರಂತೆ. ಹನ್ನೊಂದಕ್ಕೆ ಸರಿಯಾಗಿ ನನ್ನ ಫೋನು ಹೊಡೆದುಕೊಂಡಿತು. ಚಿಕ್ಕಪ್ಪ!

"ಮಗಾ, ಒಂದು ಎಡವಟ್ಟಾಗೈತೆ."

"ಚಿಕ್ಕಮ್ಮನಿಗೇನಾಯ್ತು?"

"ಅವಳಿಗೇನಾಯ್ತದೆ? ಹಡಗು ಹತ್ತೋರು ಚಪ್ಪಲಿ, ಬ್ಯಾಗು ಎಲ್ಲ ಬುಟ್ಟು ಹತ್ಬೇಕಂತೆ. ಹಿಡ್ಕಳೋರು ಯಾರೂ ಇಲ್ಲ ಕಣವ್ವ!"

ಮಳೆ ನೋಡಿದ, ಹುಳು ನೋಡಿದ, ಸ್ಕೂಲು ನೋಡಿದ, ಪಂಚಾಂಗ ನೋಡಿದ. ಇದೊಂದು ಮಾತ್ರ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಅಷ್ಟು ವರ್ಷವೂ ಹಿಡಿದುಕೊಳ್ಳುವವರು ಅವರೇ ಆಗಿದ್ದರಲ್ಲ!

"ಲಾಕರ್ ಇರ್ತದೆ ಚಿಕ್ಕಪ್ಪ."

"ಐತೆ. ನನ್ ಹಲ್ಲಿನ ಸೆಟ್ಟನ್ನೂ ಬಿಚ್ಚಿಡ್ಬೇಕು. ಹಲ್ಲು ಬೀಗ ಹಾಕಿಡೋ ಸಾಮಾನೇನವ್ವ? ಒಸಿ ಬಂದ್ಬುಡು."

ಅಂಗಡಿಗೆ ಬೀಗ ಜಡಿದೆ. ಅರ್ಜಿ ಹಿಡಿದು ನಿಂತಿದ್ದವರು ಬೈದುಕೊಂಡರು. ಬೈದುಕೊಳ್ಳಲಿ! ಬಿಡದಿಯಲ್ಲಿ ಇಳಿದು ಆಟೋ ಹಿಡಿದು, ಟಿಕೆಟ್ಟು ತೆಗೆದು ಓಡಿದೆ. ಮಳೆಯಲ್ಲಿ ಪಾರ್ಕು ಖಾಲಿ ಹೊಡೆಯುತ್ತಿತ್ತು. ಹಡಗಿನ ಕೆಳಗೆ ಇಬ್ಬರೂ ನೀಲಿ ರೇನ್‌ಕೋಟಿನಲ್ಲಿ ಬಸ್ಸು ಕಾಯುವವರ ಹಾಗೆ ನಿಂತಿದ್ದರು. ಚಿಕ್ಕಪ್ಪ ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟು, ಕನ್ನಡಕ, ಲ್ಯಾಮಿನೇಷನ್ ಕಾರ್ಡು ಕೊಟ್ಟ. ಚಿಕ್ಕಮ್ಮ ಚಪ್ಪಲಿ ಬಿಟ್ಟು, ಕೊಡಲೋ ಬೇಡವೋ ಎಂದು ನಿಂತಳು. ನಾನೇ ಬಗ್ಗಿ ಎತ್ತಿಕೊಂಡೆ. ಹಿಮ್ಮಡಿಯ ಹತ್ತಿರ ಸವೆದ, ಒದ್ದೆಯಾದ ಚಪ್ಪಲಿ. ನಾನು ಅವನ್ನು ಎದೆಗೊತ್ತಿ ಹಿಡಿದುಕೊಂಡೆ.

ಅವಳು ಅದೇ ತುದಿಯ ಸೀಟಿಗೇ ಹೋಗಿ ಕೂತಳು. ಪಕ್ಕದಲ್ಲಿ ಚಿಕ್ಕಪ್ಪ. ಇಡೀ ಹಡಗಿಗೆ ಇವರಿಬ್ಬರೇ. ಹಡಗು ನಡೆಸುವವರು, ನಡುವಯಸ್ಸಿನ ಹೆಂಗಸು, ಕಂಬಿ ಇಳಿಸುತ್ತಾ ನನ್ನ ಕಡೆ ಕೈತೋರಿಸಿ ಕೇಳಿದರು: "ಅವ್ರು ನಿಮ್ ಕಡೆಯೋರಾ? ಹತ್ತಲ್ವಾ?"

"ನಮ್ ಮಗಳು ಕಣವ್ವ" ಎಂದ ಚಿಕ್ಕಪ್ಪ. ಹಲ್ಲಿಲ್ಲದ ಬಾಯಿ, ಆದರೂ ಒಂದೊಂದು ಅಕ್ಷರವೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಮ್ಮ ಎರಡೂ ಕೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, ಆ ಹೆಂಗಸಿನ ಕಡೆ ತಿರುಗಿದಳು.

"ಒಸಿ ಅಳುಬುರುಕಿ" ಎಂದಳು. "ಅವಳು ಅತ್ರೂ ನಿಲ್ಲಿಸ್ಬ್ಯಾಡಿ."

ನಾನು ಅತ್ತುಬಿಟ್ಟೆ. ಹಡಗು ನಿಲ್ಲಲಿಲ್ಲ.