ಸೇಫ್ ಮೋಡಿನಲ್ಲಿ ಜೊಳ್ಳು ಆರಿಸಿದ್ದು

ಮನುಷ್ಯನಿಗೆ ಕಾಯಿಲೆ ಬಂದರೆ ನೋಡಲು ಬರುವವರು ಬಾಳೆಹಣ್ಣಾದರೂ ತರುತ್ತಾರೆ. ಕಂಪ್ಯೂಟರಿಗೆ ಬಂದರೆ ಬರಿಗೈಲಿ ಬಂದು ಸಲಹೆ ಕೊಟ್ಟು ಹೋಗುತ್ತಾರೆ. ಈ ಸಲಹೆ ಎಂಬುದು ನನಗೆ ಮೊದಲಿನಿಂದಲೂ ಆಗದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಪಾವಗಡದ ಕಡಲೆಕಾಯಿ ಮಂಡಿಯಲ್ಲಿ ಜೊಳ್ಳು ಆರಿಸಿ, ಮೂಟೆ ಹೊತ್ತು, ಕೊನೆಗೆ ಮಧುಗಿರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟವನು ನಾನು. ಟೈಪಿಂಗನ್ನೂ ಯಾರ ಕಾಲು ಹಿಡಿಯದೆ ಕಲಿತೆ. ಆ ಧೈರ್ಯದ ಮೇಲೆಯೇ ಮೊನ್ನೆ ಕೆಂಪು ಹಳದಿ ಬಣ್ಣದಲ್ಲಿ ಹೊಸ ಬೋರ್ಡು ಬರೆಸಿದೆ: ‘ಇಲ್ಲಿ ಕಂಪ್ಯೂಟರ್ ವೈರಸ್ ಸಹ ತೆಗೆಯಲಾಗುವುದು.’ ನನ್ನ ಹೆಂಡತಿ ಓದಿ, “ಮೊದ್ಲು ಮನೆ ಮಿಕ್ಸಿಗೆ ಏನ್ ಬಂದೈತೆ ನೋಡಿ” ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಬೋರ್ಡಿನ ಬಣ್ಣ ಒಣಗುವ ಮೊದಲೇ ವೈರಸ್ ನನ್ನ ಅಂಗಡಿಗೇ ಬಂತು. ಬಂದದ್ದೂ ನಾಗಪ್ಪನ ಮಗಳ ಲಗ್ನಪತ್ರಿಕೆಗೆ. ನಾಗಪ್ಪ ವೈ.ಎನ್.ಹೊಸಕೋಟೆ ಕಡೆಯ ಕಡಲೆಕಾಯಿ ಬೆಳೆಗಾರ, ನನ್ನ ಮಂಡಿ ಕಾಲದ ಗೆಳೆಯ. ನಮ್ಮ ಕಡೆ ಮದುವೆಯಲ್ಲಿ ಊಟ ಹೆಚ್ಚುಕಡಿಮೆಯಾದರೆ ಕ್ಷಮಿಸುತ್ತಾರೆ, ಪತ್ರಿಕೆಯಲ್ಲಿ ಹೆಸರು ಹಿಂದೆಮುಂದಾದರೆ ಕ್ಷಮಿಸುವುದಿಲ್ಲ. ಹುಡುಗಿಯ ಸೋದರಮಾವಂದಿರು ಇಬ್ಬರು. ಇಬ್ಬರಿಗೂ ಮೊದಲ ಸಾಲೇ ಬೇಕು. ನಾನು ಎಂದಿನಂತೆ ಪೆನ್ ಡ್ರೈವ್ ಒಯ್ದು ಅವರ ಮನೆಯ ಟಿವಿಗೆ ಸಿಕ್ಕಿಸಿ ಪತ್ರಿಕೆ ತೋರಿಸಿದ್ದೆ. ಮನೆಮಂದಿಯೆಲ್ಲ ಕ್ರಿಕೆಟ್ ನೋಡುವಂತೆ ಕೂತು ಕೂಗಾಡಿ, ಕೊನೆಗೆ ದೊಡ್ಡವನ ಹೆಸರು ಮೊದಲು, ಚಿಕ್ಕವನದು ಎರಡನೆಯದಾದರೂ ದಪ್ಪಕ್ಷರದಲ್ಲಿ ಎಂದು ರಾಜಿಯಾಯಿತು.

ಅಚ್ಚು ಹಾಕಿಸಲು ನಾಗಪ್ಪ ಬೆಳಗಿನ ಬಸ್ಸಿಗೇ ಬಂದ. ಅವತ್ತು ರಾತ್ರಿಯೊಳಗೆ ಮೊದಲ ಪತ್ರಿಕೆ ಮನೆದೇವರ ಮುಂದೆ ಇಡಬೇಕು. ಪೆನ್ ಡ್ರೈವ್ ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿವೆ. ಒತ್ತಿದರೆ ಒಂದೂ ತೆರೆಯದು. ಪತ್ರಿಕೆ ಇದ್ದದ್ದು ಅದರಲ್ಲಿ ಮಾತ್ರ. ಕಂಪ್ಯೂಟರನ್ನು ಉಡಿದಾರಕ್ಕೆ ಕಟ್ಟಿಕೊಂಡು ಮನೆಗೆ ಹೋಗಲಾಗುವುದಿಲ್ಲವೆಂದು ಎಲ್ಲವನ್ನೂ ಪೆನ್ ಡ್ರೈವಿನಲ್ಲೇ ಇಡುವುದು ನನ್ನ ರೂಢಿ.

ವಿಧಿಯಿಲ್ಲದೆ ಕೊರಟಗೆರೆಯಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿರುವ ಭಾಮೈದ ರಮೇಶನಿಗೆ ಫೋನು ಮಾಡಿದೆ.

“ಭಾವ, ಸೇಫ್ ಮೋಡಿಗೆ ಹೋಗಿ. ಹಿಡನ್ ಫೈಲ್ ತೋರ್ಸು ಅನ್ನೋ ಕಡೆ ಒತ್ತಿ. ಆಗ ಕೆಲವು ಮಂಕಾಗಿ ಕಾಣ್ತವೆ, ಅವನ್ನ...”

“ಗೊತ್ತು ಬುಡಪ್ಪ” ಎಂದು ಫೋನಿಟ್ಟೆ. ಪಕ್ಕದಲ್ಲಿ ಗಿರಾಕಿ ಕೂತಿರುವಾಗ ಭಾಮೈದನಿಂದ ಪಾಠ ಹೇಳಿಸಿಕೊಳ್ಳುವುದೆ?

ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಎಫ್ ಎಂಟನ್ನು ಬಾಗಿಲು ಬಡಿದಂತೆ ಬಡಿದೆ. ಪರದೆ ಕಪ್ಪಗಾಗಿ ಅಕ್ಷರಗಳು ಕುಂಬಳಕಾಯಿಯಷ್ಟಾದವು.

“ಇದೇನಣ್ಣಾ, ಇಂಗಾಗೋಯ್ತು?” ನಾಗಪ್ಪ ಹೆದರಿದ.

“ಸೇಫ್ ಮೋಡು ಕಣಯ್ಯ. ಕಳ್ಳ ಎಲ್ಲಿದ್ರೂ ಈಚೆಗೆ ಬರ್ತಾನೆ ನೋಡ್ತಿರು.”

ಹಿಡನ್ ಫೈಲಿನ ಗುಂಡಿ ಒತ್ತಿದೆ. ಸಿಸ್ಟಮ್ ಫೈಲ್ ಮುಚ್ಚಿಡು ಎಂಬ ಕಡೆಯ ಟಿಕ್ಕನ್ನೂ ತೆಗೆದೆ. ಕಂಪ್ಯೂಟರು ಬೇಡವೆಂದು ಎಚ್ಚರಿಸಿತು, ಅದರ ಸಲಹೆಯೂ ನನಗೆ ಬೇಕಿರಲಿಲ್ಲ. ಆಹಾ! ಒಂದೊಂದು ಹೆಸರಿಗೂ ಎರಡೆರಡು ಚಿತ್ರ. ಒಂದು ಗಟ್ಟಿ ಬಣ್ಣದ್ದು, ಇನ್ನೊಂದು ರಕ್ತವಿಲ್ಲದವರ ಹಾಗೆ ಬಿಳಿಚಿಕೊಂಡದ್ದು.

ನಾಗಪ್ಪ ಮುಂದಕ್ಕೆ ಬಗ್ಗಿದ. “ಜೊಳ್ಳು ಕಣಣ್ಣ! ನೋಡಿದ್ರೇ ಗೊತ್ತಾಯ್ತದೆ. ತೆಗ್ದಾಕು ಆ ಕಡೀಕೆ.”

ಮಂಡಿಯಲ್ಲಿ ಬೆಳೆದ ಕೈ ಇದು, ಇನ್ನೊಮ್ಮೆ ಹೇಳಿಸಿಕೊಳ್ಳಲಿಲ್ಲ. ಮಂಕಾದವನ್ನೆಲ್ಲ ಆರಿಸಿ ಅಳಿಸಿ, ಗಟ್ಟಿಕಾಳನ್ನು ಉಳಿಸಿ, ಮೀಸೆ ತೀಡಿಕೊಂಡು ಒಂದನ್ನು ಒತ್ತಿದೆ. ತೆರೆಯಲಿಲ್ಲ. ಇನ್ನೊಂದೂ ತೆರೆಯಲಿಲ್ಲ.

ಮತ್ತೆ ಫೋನು. “ಭಾವ, ಮಂಕಾಗಿರೋವೇ ನಿಮ್ಮ ಅಸಲಿ ಫೈಲು. ವೈರಸ್ಸು ಅವನ್ನ ಬಚ್ಚಿಟ್ಟು, ಅದೇ ಹೆಸರು ಹಾಕ್ಕೊಂಡು ಮಿರಮಿರ ಅಂತ ಮುಂದೆ ಕೂತಿರ್ತದೆ. ನಾನು ಹೇಳಕ್ಕೆ ಮುಂಚೆನೇ ಫೋನ್ ಮಡಗುಬುಟ್ರಲ್ಲ!” ಕಸದ ಬುಟ್ಟಿ ತೆರೆದೆ, ಖಾಲಿ. ಪೆನ್ ಡ್ರೈವಿನಲ್ಲಿ ಅಳಿಸಿದ್ದು ಅಲ್ಲಿಗೂ ಬರುವುದಿಲ್ಲವಂತೆ.

ನಾಗಪ್ಪ ತಲೆಯ ಮೇಲೆ ಟವಲು ಎಳೆದುಕೊಂಡ. “ಅಯ್ಯೋ ದೇವುಡಾ! ಮತ್ತೆ ಆ ಇಬ್ರನ್ನೂ ಕೇಳ್ಬೇಕೇನಣ್ಣಾ?”

ಕೇಳಬೇಕಾಯಿತು, ಹೊಸದಾಗಿ ಟೈಪು ಮಾಡಿದ್ದನ್ನು ಅವರಿಬ್ಬರೂ ಒಪ್ಪದೆ ಅಚ್ಚು ಹಾಕುವಂತಿರಲಿಲ್ಲ. ಫೋನಿನಲ್ಲಿ ಚಿಕ್ಕವನು, ತನ್ನ ಹೆಸರು ಮೊದಲಿದ್ದದ್ದಾಗಿಯೂ ಅದೂ ದಪ್ಪಕ್ಷರದಲ್ಲಿದ್ದದ್ದಾಗಿಯೂ ಆಣೆ ಇಟ್ಟ. ದೊಡ್ಡವನು ಮದುವೆಗೇ ಬರುವುದಿಲ್ಲವೆಂದ. ಮಧ್ಯಾಹ್ನದವರೆಗೆ ಜಗ್ಗಾಡಿ, ಕೊನೆಗೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಎದುರುಬದುರು ಕೂರಿಸಿ, ಇಬ್ಬರಿಗೂ ದಪ್ಪಕ್ಷರ ಕೊಟ್ಟು ಅಚ್ಚು ಹಾಕಿದೆ. ಸಂಜೆಯ ಬಸ್ಸಿಗೆ ಸರಿಯಾಗಿ ಪತ್ರಿಕೆಯ ಕಟ್ಟು ನಾಗಪ್ಪನ ಕೈಗೆ ಬಂತು.

ನಾಗಪ್ಪ ಬಾಗಿಲಾಚೆ ನಿಂತು ಕತ್ತೆತ್ತಿ ನನ್ನ ಹೊಸ ಬೋರ್ಡನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದ.

“ಬಣ್ಣ ಮಾತ್ರ ಬೋ ಗಟ್ಟಿಯಾಗೈತೆ ಕಣಣ್ಣ” ಅಂದು ಬಸ್ಸಿಗೆ ನಡೆದ.